ಯಾರ ಪಾಲಿಗೂ ಬಾರದ ಡಬ್ಬಿ

ನಾನು ಒಂದು ಪವರ್ ಸಪ್ಲೈ. ಅಂಗಡಿಯವರು ನನ್ನನ್ನು ಎಸ್‌ಎಂಪಿಎಸ್ ಅನ್ನುತ್ತಾರೆ. ನನ್ನನ್ನು ಕೊಂಡ ಹುಡುಗಿಯರು ಅದನ್ನೂ ಅನ್ನಲಿಲ್ಲ, ಡಬ್ಬಿ ಅಂದರು. ಕಂಪ್ಯೂಟರಿನ ಹೊಟ್ಟೆಯ ತಳದಲ್ಲಿ ಕೂತು, ಗೋಡೆಯಿಂದ ಬರುವ ಕರೆಂಟನ್ನು ಮೊದಲು ನಾನು ನುಂಗಿ, ಹದ ಮಾಡಿ, ಮೇಲೆ ಕೂತವರಿಗೆಲ್ಲ ಬಡಿಸಬೇಕು. ನಾನು ಬಡಿಸದಿದ್ದರೆ ಅವರಲ್ಲಿ ಒಬ್ಬರಿಗೂ ಉಸಿರಿಲ್ಲ. ಹಾಗಿದ್ದೂ ಕಂಪ್ಯೂಟರ್ ಕೊಳ್ಳಲು ಬಂದವರು ಕೊನೆಗೆ ಕೇಳುವುದು ನನ್ನನ್ನು. ಕೇಳಿದರೆ ಪುಣ್ಯ.

ನಾನು ಹುಟ್ಟಿದ್ದು ತಗಡಿನ ಒಂದು ಶೆಡ್ಡಿನಲ್ಲಿ. ಊರಿನ ಹೆಸರು ಹೇಳಿ ಏನಾಗಬೇಕು? ಉದ್ದದ ಮೇಜಿನ ಎರಡೂ ಕಡೆ ಹೆಂಗಸರು ಕೂತಿದ್ದರು. ಒಬ್ಬಳು ತಾಮ್ರದ ತಂತಿ ಸುತ್ತಿದಳು, ಒಬ್ಬಳು ಬೆಸುಗೆ ಹಾಕಿದಳು, ಒಬ್ಬಳು ಫ್ಯಾನು ಕೂರಿಸಿದಳು. ಅವರ ಕೆಲಸದಲ್ಲಿ ಮೋಸವಿರಲಿಲ್ಲ. ಮೈ ಸಣ್ಣದು, ಆದರೆ ಅಕೌಂಟ್ಸ್ ಬರೆಯುವ ಕಂಪ್ಯೂಟರನ್ನೋ, ಟೈಪಿಂಗ್ ಕಲಿಸುವ ಕಂಪ್ಯೂಟರನ್ನೋ ನಾನು ನೆಮ್ಮದಿಯಾಗಿ ಸಾಕಬಲ್ಲವನಾಗಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮೇಜಿನ ತುದಿಯಲ್ಲಿ ಕೂತಿದ್ದ ಗಂಡಸು ನನ್ನ ಹೊಟ್ಟೆಯೊಳಗೆ ಒಂದು ಕಬ್ಬಿಣದ ಪಟ್ಟಿ ಇಟ್ಟು ಸ್ಕ್ರೂ ಬಿಗಿದ. ಆ ಪಟ್ಟಿಗೆ ಯಾವ ಕೆಲಸವೂ ಇಲ್ಲ. ಎತ್ತಿದವರ ಕೈಗೆ ಭಾರ ಹತ್ತಬೇಕು, ಭಾರದ ಮಾಲು ಗಟ್ಟಿ ಮಾಲು ಎಂದು ಅವರು ನಂಬಬೇಕು, ಅಷ್ಟೇ. ಆಮೇಲೆ ನನ್ನ ಬೆನ್ನಿಗೆ ಐನೂರು ವ್ಯಾಟ್ ಎಂದು ಸ್ಟಿಕ್ಕರ್ ಅಂಟಿಸಿದ. ನನ್ನ ಕೈಲಾಗುವುದು ಅದರ ಅರ್ಧ. ಕೂಸು ಕಣ್ಣು ಬಿಡುವ ಮೊದಲೇ ಅದರ ಬೆನ್ನ ಮೇಲೆ ಸುಳ್ಳು ಬರೆದು ಸಂತೆಗೆ ಕಳಿಸಿದ ಹಾಗಾಯಿತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಹುಬ್ಬಳ್ಳಿಯ ಪೇಟೆಯೊಳಗೆ, ಒಂದು ಸಣ್ಣ ಓಣಿಯಲ್ಲಿ ಮುರಿಗೆಪ್ಪನೆಂಬವನ ಕಂಪ್ಯೂಟರ್ ಅಂಗಡಿ. ಅವನ ಕಪಾಟಿನ ತಳದ ಅರೆಯಲ್ಲಿ ಧೂಳು ತಿನ್ನುತ್ತ ಕೂತಿದ್ದೆ. ಒಂದು ದಿನ ಮೂವರು ಹುಡುಗಿಯರು ಬಂದರು. ಮೂವರೂ ಒಂದೇ ಕಾಲೇಜು, ಒಂದೇ ಬಾಡಿಗೆ ಕೋಣೆ. ಅಣ್ಣಿಗೇರಿಯ ದಾಕ್ಷಾಯಣಿ ದಪ್ಪ ದನಿಯವಳು, ಮುಂದಾಳು. ಕುಂದಗೋಳದ ನೀಲಗಂಗಾ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಎಲ್ಲ ತಿಳಿದವಳು. ಸವಣೂರಿನ ಹಸೀನಾ ಮಾತು ಕಡಿಮೆ. ಅವಳಪ್ಪ ಖಾಜಾಸಾಬ ಸವಣೂರಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುವವನು.

“ಅಣ್ಣಾರ, ಗೇಮ್ ಆಡೂ ಕಂಪ್ಯೂಟರ್ ಬೇಕ್ರಿ. ರೊಕ್ಕ ಭಾಳ ಇಲ್ಲ,” ಅಂದಳು ದಾಕ್ಷಾಯಣಿ.

“ರೊಕ್ಕ ಭಾಳ ಇದ್ದವ್ರು ನನ್ನ ಅಂಗಡಿಗೆ ಬರಂಗಿಲ್ಲ ಬಿಡವ್ವಾ. ಕುಂದ್ರಿ.”

ಮುರಿಗೆಪ್ಪ ಒಟ್ಟು ದುಡ್ಡು ಕೇಳಿ, ಅದಕ್ಕೆ ಹೊಂದುವ ಒಂದು ಇಡೀ ಕಂಪ್ಯೂಟರ್ ತೋರಿಸಲು ಎದ್ದ. ದಾಕ್ಷಾಯಣಿ ತಡೆದಳು.

“ಹಂಗಲ್ರಿ. ನಮ್ಮಪ್ಪಗ ಒಂದ ಎತ್ತು ಐತಿ. ಮಗ್ಗಲ ಹೊಲದ ಬಸಣ್ಣ ಕಾಕಾಗೂ ಒಂದ ಎತ್ತು. ಇಬ್ರೂ ಕೂಡಿ ಜೋಡಿ ಕಟ್ಟಿ ಗಳೆ ಹೊಡೀತಾರ. ಒಂದಿನ ನಮ್ಮ ಹೊಲ, ಒಂದಿನ ಅವ್ರ ಹೊಲ. ಎತ್ತು ಮಾತ್ರ ಅವರವರ್ದು. ನಾವೂ ಹಂಗ ಮಾಡೋರು. ಮೂರು ಮಂದಿ, ಮೂರು ಎತ್ತು. ಓದು ಮುಗಿದ ಮ್ಯಾಲ ಯಾರ ಎತ್ತು ಅವ್ರು ಬಿಚ್ಕೊಂಡು ಹೋಗೂದು. ಜಗಳ ಇಲ್ಲ.”

“ಎತ್ತು ಬ್ಯಾರೆ, ಕಂಪ್ಯೂಟರ್ ಬ್ಯಾರೆ, ತಂಗಿ.”

“ಏನ್ ಬ್ಯಾರೆ ಐತ್ರಿ? ಎರಡೂ ದುಡಿಯೂವ.”

ಎತ್ತು ಒಂಟಿಯಾಗಿ ನಿಂತರೂ ಎತ್ತೇ, ಕಂಪ್ಯೂಟರಿನ ತುಂಡು ಒಂಟಿಯಾದರೆ ತಗಡು. ಕಪಾಟಿನಲ್ಲಿ ಕೂತ ನನಗೆ ಅಷ್ಟು ಗೊತ್ತಿತ್ತು. ಹೇಳಲು ಬಾಯಿ ಎಲ್ಲಿದೆ?

ಮಧ್ಯಾಹ್ನದವರೆಗೆ ಆಯ್ಕೆ ನಡೆಯಿತು. ನಡುವೆ ಒಮ್ಮೆ ಗಿರ್ಮಿಟ್, ಮಿರ್ಚಿ ತರಿಸಿ ತಿಂದರು. ತನ್ನ ಎತ್ತು ಬಡಕಲಾಗಬಾರದು ಎಂದು ಮೂವರಿಗೂ ಹಟ. ದಾಕ್ಷಾಯಣಿ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಕೊಂಡಳು. ಯಾರೋ ಬಳಸಿ ಮಾರಿದ್ದು, ಆದರೆ ಮೂರು ಫ್ಯಾನಿನ ಗೂಳಿ. ನೀಲಗಂಗಾ, “ಮುಂದಿನ ವರ್ಷದ ಗೇಮಿಗೂ ನಡೀಬೇಕು,” ಎಂದು ಪ್ರೊಸೆಸರ್ ಮತ್ತು ಬೋರ್ಡು ಕೊಂಡಳು. ಹಸೀನಾ ಬಣ್ಣ ನಿಚ್ಚಳವಾಗಿ ಕಾಣುವ ಮಾನಿಟರ್ ಆರಿಸಿ, ಅದರ ಜೊತೆ ರ‍್ಯಾಮ್ ಮತ್ತು ಡಿಸ್ಕು ತನ್ನ ಪಾಲಿಗೆ ಹಾಕಿಕೊಂಡಳು.

ಉಳಿದದ್ದು ಎಲ್ಲವನ್ನೂ ಹಿಡಿಸುವ ಪೆಟ್ಟಿಗೆ ಮತ್ತು ನಾನು. ಅದಕ್ಕೆ ಮೂವರೂ ತಮ್ಮ ಚಿಲ್ಲರೆ ಕೂಡಿಸಿದರು. ಪೆಟ್ಟಿಗೆಯನ್ನು ಮೊದಲು ಆರಿಸಿದರು. ಗಾಜಿನ ಬಾಗಿಲು, ಒಳಗೆ ನವಿಲಿನ ಹಾಗೆ ಬಣ್ಣ ಬದಲಿಸುವ ದೀಪಗಳು. ಮದುವೆ ಮನೆಯ ಪೆಂಡಾಲಿನ ಸೊಬಗು. ಚಿಲ್ಲರೆಯ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು.

“ಎಸ್‌ಎಂಪಿಎಸ್ ಒಂದು ಚೊಲೋದು ಹಾಕ್ರಿ,” ಅಂದ ಮುರಿಗೆಪ್ಪ. “ಈ ಕಾರ್ಡು ಭಾಳ ತಿಂತೈತಿ.”

“ಅದು ಯಾರ ಪಾಲಿಗೆ ಬರ್ತೈತ್ರಿ?” ಅಂತ ಕೇಳಿದಳು ನೀಲಗಂಗಾ.

“ಯಾರ ಪಾಲಿಗೂ ಇಲ್ಲ. ಎಲ್ಲಾರಿಗೂ ಬೇಕು.”

“ಹಂಗಾರ ಅಗ್ಗದ್ದು ಹಾಕ್ರಿ.”

ಮುರಿಗೆಪ್ಪ ಇನ್ನೊಂದು ಮಾತು ಆಡಬಹುದಿತ್ತು. ಹಸಿದಿದ್ದನೋ, ಬೇಸತ್ತಿದ್ದನೋ, ಬಗ್ಗಿ ನನ್ನನ್ನು ಎತ್ತಿ ಕೊಟ್ಟ. ನೀಲಗಂಗಾ ಕೈಯಲ್ಲಿ ತೂಗಿ, “ಭಾರ ಐತಲ್ಲ, ಗಟ್ಟಿ ಇರಬೇಕು,” ಅಂದಳು. ನನ್ನ ಹೊಟ್ಟೆಯ ಕಬ್ಬಿಣ ತನ್ನ ಕೆಲಸ ಮಾಡಿತ್ತು.

ಕೋಣೆ ಯಮನವ್ವ ಎಂಬ ಮುದುಕಿಯ ಮನೆಯ ಮಗ್ಗುಲದು. ಯಮನವ್ವ ಬಂದು ಗಾಜಿನ ಪೆಟ್ಟಿಗೆ ನೋಡಿ, ಅದಕ್ಕೆ ವಿಭೂತಿ ಹಚ್ಚಿ, “ಏನಾಡ್ತೈತಬೇ ಇದು?” ಅಂದಳು. “ಯುದ್ಧ ಆಡ್ತೈತಿ ಅಜ್ಜಿ,” ಅಂದಳು ನೀಲಗಂಗಾ. “ಮನಿಯಾಗ ಮೂವರು ಹೆಣ್ಮಕ್ಕಳು ಇದ್ದ ಮ್ಯಾಲ ಅದನ್ನ ದುಡ್ಡು ಕೊಟ್ಟು ತರಬೇಕಿತ್ತೇನು?” ಅಂದು ಮುದುಕಿ ಹೋದಳು.

ಎತ್ತಿನ ಕಟ್ಟಳೆಯಂತೆ ದಿನಕ್ಕೊಬ್ಬರ ಪಾಳಿ. ದಾಕ್ಷಾಯಣಿಗೂ ನೀಲಗಂಗಾಗೂ ಆಡುವ ಹುಚ್ಚು. ಹಸೀನಾಳದು ಬೇರೆ. ಅವಳು ಆಟಕ್ಕೆ ಬೇಕಾದ ಊರು ಕಟ್ಟುವವಳು. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಚೇರಿ ಇತ್ತು. ಗೇಮುಗಳಿಗೆ ಮನೆ, ಮರ, ಬೀದಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಡುವುದು ಅವರ ಕೆಲಸ. ಒಂದು ಜಾಗ ಖಾಲಿ ಇದೆ, ಸ್ವಂತದ ಒಂದು ಬೀದಿ ಕಟ್ಟಿ, ಅದರೊಳಗೆ ನಡೆದಾಡಿದ ಹಾಗೆ ಫಿಲ್ಮು ಮಾಡಿ ಸೋಮವಾರ ಮಧ್ಯಾಹ್ನದೊಳಗೆ ಕಳಿಸಿದವರಲ್ಲಿ ಒಬ್ಬರನ್ನು ಆರಿಸುತ್ತೇವೆ ಎಂದು ಅವರು ತಿಳಿಸಿದ್ದರು. ದಿನಾ ಸಂಜೆ ಕಾಲೇಜು ಬಿಟ್ಟ ಮೇಲೆ ಹೋಗಿ ಮಾಡುವ ಕೆಲಸ. ಅದು ಸಿಕ್ಕರೆ ಹಸೀನಾ ಹುಬ್ಬಳ್ಳಿಯಲ್ಲೇ ಉಳಿದು ಓದು ಮುಗಿಸಬಹುದು. ಸಿಗದಿದ್ದರೆ ಬೇಸಿಗೆಗೆ ಗಂಟು ಕಟ್ಟಿಕೊಂಡು ಸವಣೂರಿಗೆ ವಾಪಸು. ಅವಳಪ್ಪ, ಅವಳ ಬಾಯಲ್ಲಿ ಅಬ್ಬಾ, ಹಾಗೆಂದು ಖಡಕ್ಕಾಗಿ ಹೇಳಿ ಕಳಿಸಿದ್ದನ್ನು ಅವಳು ಗೆಳತಿಯರಿಗೆ ತಿಳಿಸಿದ್ದಳು.

ಮೊದಲ ದಿನವೇ ನನ್ನ ಬಂಡವಾಳ ಬಯಲಾಯಿತು. ದಾಕ್ಷಾಯಣಿ ಆಟ ಹಚ್ಚಿದಳು. ಬೆಟ್ಟ ಬಂತು, ಹೊಳೆ ಬಂತು, ನಾನು ಹೇಗೋ ಬಡಿಸಿದೆ. ವೈರಿಗಳು ನಾಲ್ಕೂ ದಿಕ್ಕಿನಿಂದ ನುಗ್ಗಿದರು ನೋಡಿ, ಮೂರು ಫ್ಯಾನಿನ ಗೂಳಿ ಬಾಯಿ ತೆರೆದು ತಾ ತಾ ಅಂತು. ಪ್ರೊಸೆಸರು ತಾ ಅಂತು. ಆ ಬೇವಾರ್ಸಿ ದೀಪಗಳು ಕುಣಿಯುತ್ತ ತಾ ಅಂದವು. ನನ್ನ ಮೈ ಕಾದು ಕೆಂಡವಾಯಿತು. ಇನ್ನು ಎಳೆದರೆ ನಾನೂ ಸುಡುತ್ತೇನೆ, ಮೇಲಿದ್ದವರನ್ನೂ ಸುಡುತ್ತೇನೆ. ಅಂಥ ಹೊತ್ತಿನಲ್ಲಿ ಕೈ ಎತ್ತಿಬಿಡುವಷ್ಟು ಬುದ್ಧಿಯನ್ನು ಆ ಶೆಡ್ಡಿನ ಹೆಂಗಸರು ನನ್ನೊಳಗೆ ಇಟ್ಟಿದ್ದರು. ಕೈ ಎತ್ತಿದೆ. ಎಲ್ಲ ಕತ್ತಲಾಯಿತು.

“ನೀಲಿ, ನಿನ್ನ ಎತ್ತು ಮಲಗಿತು ನೋಡು,” ಅಂದಳು ದಾಕ್ಷಾಯಣಿ.

“ನನ್ನದ್ಯಾಕ ಮಲಗತೈತಿ? ನಿಂದು ಮುದಿ ಗೂಳಿ. ಯಾರ ಮನ್ಯಾಗ ಎಷ್ಟು ದುಡಿದು ಬಂದೈತೋ.”

“ಹಸೀನಾ, ನಿನ್ನ ರ‍್ಯಾಮ್ ಸಡಿಲ ಐತೇನು?”

ಮರುದಿನವೂ ಅದೇ, ಅದರ ಮರುದಿನವೂ ಅದೇ. ಹಸೀನಾಳ ಪಾಳಿಯಲ್ಲಿ ಇನ್ನೂ ಕಷ್ಟ. ಅವಳು ಸವಣೂರಿನ ಒಂದು ಬೀದಿ ಕಟ್ಟುತ್ತಿದ್ದಳು. ಆನೆಯ ಕಾಲಿನಂಥ ಬೊಡ್ಡೆಯ ದೊಡ್ಡಹುಣಸೆ ಮರ, ಅದರ ಬುಡದಲ್ಲಿ ಆಡು, ಆಚೆಗೆ ಅಬ್ಬಾನ ಗ್ಯಾರೇಜು, ಬಾನೆಟ್ಟು ತೆರೆದ ಒಂದು ಟ್ರ್ಯಾಕ್ಟರ್. ಅವಳು ಕೂತು ಒಂದೊಂದೇ ಎಲೆ ಜೋಡಿಸುವಾಗ ನನಗೇನೂ ತೊಂದರೆಯಿರಲಿಲ್ಲ. ಅದನ್ನೆಲ್ಲ ಫಿಲ್ಮು ಮಾಡು ಎಂದು ಗುಂಡಿ ಒತ್ತಿದ ಕೂಡಲೇ ಗೂಳಿ ಬಾಯಿ ತೆರೆಯುತ್ತಿತ್ತು. ಮರದ ಹತ್ತಿರ ಹೋಗುವಷ್ಟರಲ್ಲಿ ಕತ್ತಲು. ಮತ್ತೆ ಮೊದಲಿಂದ.

ನಾನು ಅರಚಿದೆ ಅನ್ನಿ. ನನ್ನ ಫ್ಯಾನು ಕಿರುಗುಟ್ಟಿತು, ಮೈಯಿಂದ ಸುಟ್ಟ ವಾಸನೆ ಬಿಟ್ಟೆ, ಬೆನ್ನಿನಿಂದ ಬಿಸಿಗಾಳಿ ಉಗುಳಿದೆ. ಇನ್ನೇನು ಮಾಡಲಿ? ಅವರು ಬಿಸಿಗಾಳಿ ಬರುವ ಕಡೆಗೆ ಒಗೆದ ಕಾಲುಚೀಲ ಒಣಹಾಕಿದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಜಗಳ ಜೋರಾದಾಗ ದಾಕ್ಷಾಯಣಿ ತನ್ನ ಕಾರ್ಡನ್ನು ಕಿತ್ತು, ಟವೆಲ್ಲಿನಲ್ಲಿ ಸುತ್ತಿ, ಮುರಿಗೆಪ್ಪನ ಅಂಗಡಿಗೆ ಒಯ್ದಳು. ಅವನು ತನ್ನ ಮೇಜಿನ ಮೇಲಿನ ಕಂಪ್ಯೂಟರಿಗೆ ಹಾಕಿ ನೋಡಿದ್ದಾನೆ. ಅಲ್ಲಿ ನನ್ನಂಥ ಬಡವನಲ್ಲ, ಗಟ್ಟಿಮುಟ್ಟಾದ ಪವರ್ ಸಪ್ಲೈ ಇದೆ. ಕಾರ್ಡು ಚೆನ್ನಾಗಿ ಓಡಿದೆ. ವಾಪಸು ಬಂದು ಎದೆ ಸೆಟೆಸಿ ಹೇಳಿದಳು, “ನನ್ನ ಎತ್ತು ನೆಟ್ಟಗ ಐತಿ. ಅಂಗಡಿಯಾಗ ಕುಣಿದಾಡ್ತು.”

ನೀಲಗಂಗಾ ಸುಮ್ಮನಿದ್ದಾಳೆಯೇ? ತನ್ನ ಬೋರ್ಡು, ಪ್ರೊಸೆಸರು ಬಿಚ್ಚಿಕೊಂಡು ಹೋದಳು. ಅದೂ ಅಲ್ಲಿ ಚೆನ್ನಾಗಿ ಓಡಿತು. ಹಸೀನಾಳೂ ತನ್ನ ರ‍್ಯಾಮ್, ಡಿಸ್ಕು ಒಯ್ದು ತೋರಿಸಿ ಬಂದಳು. ಅವೂ ಸರಿ.

“ಮುರಿಗೆಪ್ಪಣ್ಣ, ‘ಬರೇ ತುಂಡ ತರಬ್ಯಾಡ್ರಿ, ಪೂರಾ ಪೆಟಗಿ ಹೊತ್ಕೊಂಡ್ ಬರ್ರಿ’ ಅಂದ,” ಅಂದಳು ಹಸೀನಾ.

“ಮಂದಿ ಎತ್ತಿಗೆ ಔಷಧ ಹಾಕಿಸಾಕ ನಾ ಯಾಕ ಹೊರಲಿ?” ಅಂದಳು ದಾಕ್ಷಾಯಣಿ. “ಯಾರ್ದು ಕೆಟ್ಟೈತೋ ಅವ್ರು ಹೊರಲಿ.”

ನೋಡಿ, ಮೂವರೂ ತಮ್ಮ ತಮ್ಮ ಎತ್ತನ್ನು ಡಾಕ್ಟರಿಗೆ ತೋರಿಸಿದರು. ಮೂರೂ ಎತ್ತಿಗೆ ರೋಗವಿಲ್ಲ. ಹಾಗಾದರೆ ಉಳಿದಿಬ್ಬರೂ ಸುಳ್ಳು ಹೇಳುತ್ತಿದ್ದಾರೆ ಎಂದು ಮೂವರೂ ತೀರ್ಮಾನ ಮಾಡಿದರು. ಪೆಟ್ಟಿಗೆಯ ತಳದಲ್ಲಿ ಕೂತು ಉಸಿರುಗಟ್ಟುತ್ತಿದ್ದ ನನ್ನ ಕಡೆ ಒಬ್ಬಳೂ ಬಗ್ಗಿ ನೋಡಲಿಲ್ಲ. ನಾನು ಯಾರ ಪಾಲಿನವನೂ ಅಲ್ಲವಲ್ಲ. ಓದಿದ ಹುಡುಗಿಯರು, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರು. ಅವರ ತಲೆಗೆ ಏನು ಬಡಿದಿತ್ತೋ.

ಶನಿವಾರ ಹಸೀನಾ ದಿನವಿಡೀ ಗುಂಡಿ ಒತ್ತಿದಳು, ನಾನು ದಿನವಿಡೀ ಬಿದ್ದೆ. ಭಾನುವಾರ ಬೆಳಗ್ಗೆ ತನ್ನ ಪಾಳಿ ಬಂತೆಂದು ನೀಲಗಂಗಾ ಎದ್ದು ಬಂದಳು.

“ಇವತ್ತೊಂದಿನ ನನಗ ಕೊಡ ನೀಲಿ. ನಾಳಿ ಮಧ್ಯಾಹ್ನಕ್ಕ ಕೊಡಬೇಕು,” ಅಂದಳು ಹಸೀನಾ.

“ಕೊಡ್ತಿದ್ದೆ. ನಿಮ್ಮ ಕೆಟ್ಟ ಎತ್ತಿನ ಸಲುವಾಗಿ ನನ್ನ ಪ್ರೊಸೆಸರ್ ಸುಟ್ರ ಕೊಡೋರು ಯಾರು?”

“ಯಾರ ಎತ್ತು ಕೆಟ್ಟೈತಿ? ಇನ್ನೊಮ್ಮೆ ಅನ್ನು,” ಎಂದು ದಾಕ್ಷಾಯಣಿ ಎದ್ದಳು.

ಆ ಮಾತು ಎಲ್ಲೆಲ್ಲಿಗೋ ಹೋಯಿತು. ಯಾರು ಯಾರ ಎಣ್ಣೆ ಬಳಸಿದರು, ಯಾರು ಕಸ ಹೊಡೆಯಲಿಲ್ಲ, ಯಾರ ಹಬ್ಬಕ್ಕೆ ಯಾರು ಬರಲಿಲ್ಲ. ಕೊನೆಗೆ ದಾಕ್ಷಾಯಣಿ ಸ್ಕ್ರೂಡ್ರೈವರ್ ತಂದಳು. “ಆತು. ಗಳೆ ಬಿಚ್ಚೂಣು.”

ಜಮಖಾನೆಯ ಮೇಲೆ ಪೆಟ್ಟಿಗೆ ಮಲಗಿಸಿ ಪಾಲು ಮಾಡಿಕೊಂಡರು. ದಾಕ್ಷಾಯಣಿ ಕಾರ್ಡು ಬಿಚ್ಚಿ ತನ್ನ ಟ್ರಂಕಿನ ಮೇಲಿಟ್ಟಳು. ನೀಲಗಂಗಾ ಬೋರ್ಡು ಎತ್ತಿಕೊಂಡಳು. ಹಸೀನಾ ಮಾನಿಟರಿನ ವೈರು ಸುತ್ತುತ್ತ ಕೂತಳು, ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ನಾನೊಬ್ಬನೇ ಉಳಿದೆ, ವೈರುಗಳನ್ನು ಚೆಲ್ಲಿಕೊಂಡು.

“ಇದು?” ಅಂದಳು ನೀಲಗಂಗಾ.

“ಅದು ಯಾರ್ದೂ ಅಲ್ಲ. ಬಿಡ ಅತ್ಲಾಗ,” ಅಂದಳು ದಾಕ್ಷಾಯಣಿ.

ಹಸೀನಾ ವೈರು ಸುತ್ತುವುದನ್ನು ನಿಲ್ಲಿಸಿದಳು. ಎದ್ದು ಬಂದು ಪೆಟ್ಟಿಗೆಯ ಮುಂದೆ ಕೂತಳು. ಮೂವರ ಪಾಲನ್ನೂ ಒಂದೊಂದಾಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಇದನ್ನ ಯಾರು ತೋರಿಸ್ಕೊಂಡು ಬಂದೀರಿ?”

 ಅವಳು ನನ್ನ ಮೂಗಿನ ಹತ್ತಿರ ಮುಖ ತಂದು ಮೂಸಿದಳು. ವೈರಿಂಗ್‌ನವನ ಮಗಳಿಗೆ ಕರಕು ವಾಸನೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸ್ಕ್ರೂ ಬಿಚ್ಚಿ ಹೊರಗೆ ತೆಗೆದು ಅಲುಗಾಡಿಸಿದಳು. ಒಳಗೆ ಸ್ಕ್ರೂ ಕಳಚಿ ಸಡಿಲವಾಗಿದ್ದ ಕಬ್ಬಿಣದ ಪಟ್ಟಿ ಲಟಲಟ ಅಂತು. ಮುಚ್ಚಳ ತೆಗೆದಾಗ ಅದು ಜಮಖಾನೆಯ ಮೇಲೆ ಬಿತ್ತು.

“ಇದೇನ ಇದು?” ಅಂದಳು ನೀಲಗಂಗಾ. ಅವತ್ತು ನನ್ನನ್ನು ತೂಗಿ ಗಟ್ಟಿ ಅಂದವಳು ಅವಳೇ.

“ತೂಕದ ಕಲ್ಲು,” ಅಂದಳು ಹಸೀನಾ. “ಮೂರು ಎತ್ತಿಗೂ ಮೇವು ಹಾಕೋದು ಇದು. ಇದಕ್ಕ ನಾವು ಗಿರ್ಮಿಟ್ ತಿಂದು ಉಳಿದ ರೊಕ್ಕ ಕೊಟ್ವಿ.”

ಸಿಕ್ಕಿಬಿದ್ದ ಕಳ್ಳನಂತೆ ನಾನು ಅಲ್ಲಿ ಹೊಟ್ಟೆ ತೆರೆದು ಕೂತಿದ್ದೆ. ನಾಚಿಕೆ ನನಗಲ್ಲ, ಸ್ಟಿಕ್ಕರ್ ಅಂಟಿಸಿದವನಿಗೆ ಆಗಬೇಕು. ಆದರೂ ಒಬ್ಬರಾದರೂ ನೋಡಿದರಲ್ಲ ಎಂದು ಒಂದು ಗಳಿಗೆ ಹಗುರಾಯಿತು.

ಪೇಟೆಗೆ ಓಡಿದರು. ಭಾನುವಾರ, ಮುರಿಗೆಪ್ಪನ ಅಂಗಡಿಗೆ ಬೀಗ. ಫೋನು ಎತ್ತಲಿಲ್ಲ. ಸೋಮವಾರ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತರು. ನನ್ನನ್ನೂ ಚೀಲದಲ್ಲಿ ಒಯ್ದಿದ್ದರು. ಮುರಿಗೆಪ್ಪ ಶಟರ್ ಎತ್ತಿ, ದೇವರಿಗೆ ಊದಿನಕಡ್ಡಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈ ಮುಗಿಯುವ ತನಕ ಹಸೀನಾ ಗಡಿಯಾರ ನೋಡುತ್ತ ನಿಂತಳು. ಒಳ್ಳೆಯ ಪವರ್ ಸಪ್ಲೈ ಒಂದನ್ನು ಅವನು ಮುಂದೆ ಇಟ್ಟ. ಆಗ ನೀಲಗಂಗಾ ಏನು ಕೇಳಿದಳು ಗೊತ್ತೇ? “ಇದನ್ನ ಯಾರ ಪಾಲಿಗೆ ಹಾಕೂಣು?” ನನಗೆ ಹಲ್ಲಿದ್ದರೆ ಕಡಿದೇಬಿಡುತ್ತಿದ್ದೆ.

“ನಂದು ಇರಲಿ,” ಅಂದಳು ಹಸೀನಾ. ಅವಳು ತನ್ನ ಚೆಂದದ ಮಾನಿಟರನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅದನ್ನು ಕೊಟ್ಟು ಪವರ್ ಸಪ್ಲೈ ತೆಗೆದುಕೊಂಡಳು. ಉಳಿದ ಹುಡುಗಿಯರಿಬ್ಬರೂ ನೆಲ ನೋಡಿದರು.

ಮನೆಗೆ ಬಂದು ಮತ್ತೆ ಗಳೆ ಕಟ್ಟಿದರು. ಮಾನಿಟರಿನ ಬದಲು ಯಮನವ್ವನ ಟಿವಿ. ಮುದುಕಿ ತನ್ನ ಧಾರಾವಾಹಿ ಬಿಟ್ಟುಕೊಟ್ಟಳು, ಅದೇನು ಸಣ್ಣ ತ್ಯಾಗವಲ್ಲ. ಹೊಸ ಸಪ್ಲೈ ಹುಸ್ಸೆಂದು ಉಸಿರಾಡದೆ ಮೂವರಿಗೂ ಹೊಟ್ಟೆ ತುಂಬ ಬಡಿಸಿತು. ನಾನು ಮೂಲೆಯಲ್ಲಿ ಬಿದ್ದುಕೊಂಡು ನೋಡಿದೆ. ಟಿವಿಯಲ್ಲಿ ಆ ಮರ ಬಂತು, ಆಡು ಕಿವಿ ಅಲ್ಲಾಡಿಸಿತು, ಗ್ಯಾರೇಜಿನ ಕತ್ತಲೊಳಗೆ ಒಂದು ಬಲ್ಬು ಹೊತ್ತಿತು. ಒಮ್ಮೆಯೂ ಕತ್ತಲಾಗಲಿಲ್ಲ. ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿ ಬಿಸಿಲು ಹಿತ್ತಲಿಗೆ ಇಳಿದಿತ್ತು. ಕಳಿಸಿದಳು. ಸಂಜೆಗೆ ಉತ್ತರ ಬಂತು. ಕೆಲಸ ಚೆನ್ನಾಗಿದೆ, ಆದರೆ ಹೊತ್ತಿಗೆ ಬಂದವರಲ್ಲಿ ಒಬ್ಬರನ್ನು ಆರಿಸಿಯಾಗಿದೆ. ಮುಂದೆ ಜಾಗ ಖಾಲಿಯಾದರೆ ತಿಳಿಸುತ್ತೇವೆ.

ದಾಕ್ಷಾಯಣಿ ಆ ಸಂಜೆ ರೊಟ್ಟಿ ಬಡಿದಳು. ಅಡುಗೆಯ ಪಾಳಿ ಅವಳದಲ್ಲ. ಊಟದ ಮುಂದೆ ಕೂತು, “ನಮ್ಮ ಪಾಳಿ ಎಲ್ಲಾ ನೀನ ತಗೋ. ಬಿತ್ತಿಗಿ ಹಿಂದ ಬಿದ್ದವ್ರ ಹೊಲಕ್ಕ ಮೊದಲು ಗಳೆ ಹೋಗಬೇಕು,” ಅಂದಳು. ಅವಳಿಗೆ ಕೇಳಲು ಬಂದ ಕ್ಷಮೆ ಅಷ್ಟೇ. ಹಸೀನಾ ರೊಟ್ಟಿ ಮುರಿದಳು. ಕಳೆದುಹೋದದ್ದು ಪಾಳಿ ಕೊಟ್ಟರೆ ಬರುತ್ತದೆಯೇ?

ನನ್ನನ್ನು ಗುಜರಿಗೆ ಹಾಕಬೇಕಿತ್ತು. ಹಸೀನಾ ಹಾಕಲಿಲ್ಲ. ಬೆನ್ನಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದಳು, ಕರಕಾದ ತುಣುಕೊಂದನ್ನು ಬದಲಿಸಿ ಹೊಸ ಬೆಸುಗೆ ಹಾಕಿದಳು. ಸವಣೂರಿನಿಂದ ರೇಡಿಯೋ ಇರುವ ಕಾರಿನ ಹಳೆಯ ಟೇಪೊಂದನ್ನು ತಂದು ನನಗೆ ಜೋಡಿಸಿ, ಯಮನವ್ವನ ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಕೂರಿಸಿದಳು. ಟಿವಿ ಕೊಟ್ಟ ಮುದುಕಿಗೆ ಅದು ಬದಲು. ಒಂದು ಟೇಪು, ಒಲೆಯ ಮೇಲೊಂದು ಸಣ್ಣ ದೀಪ. ನನ್ನ ಶಕ್ತಿಗೆ ಅದು ಎಡಗೈ ಕೆಲಸ. ಬೆಳಗಾದರೆ ವಚನ, ಸಂಜೆಯಾದರೆ ಸುದ್ದಿ.

ಬೇಸಿಗೆ ಬಂತು. ಖಾಜಾಸಾಬ ಮಗಳನ್ನು ಕರೆದೊಯ್ಯಲು ಬಂದ. ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿತ್ತು. ಯಮನವ್ವ ಚಹಾಕ್ಕೆ ಕರೆದಳು. ಅಡುಗೆಮನೆಯ ಬಾಗಿಲಲ್ಲಿ ಕೂತವನು ಟೇಪಿನ ದನಿ ಬಂದ ಕಡೆ ಕತ್ತೆತ್ತಿದ.

“ಇದನ್ನ ಯಾರು ಕೂಡಿಸ್ಯಾರ?”

“ನಿಮ್ಮ ಮಗಳರೀ ಸಾಬರ. ಏನೋ ಸುಟ್ಟ ಡಬ್ಬಿ ಅಂತ, ಸಂದ್ಯಾಗ ಬಿದ್ದಿತ್ತು.”

ಅವನು ಎದ್ದು ಬಂದ. ಚಹಾದ ಕಪ್ಪನ್ನು ಕಟ್ಟೆಗಿಟ್ಟು, ನನ್ನ ಮುಚ್ಚಳ ಸರಿಸಿ ಒಳಗೆ ಇಣುಕಿದ. ಬೆಸುಗೆ ಹಾಕಿದ ಕಡೆಯೆಲ್ಲ ಬೆರಳಿನಿಂದ ವೈರು ಜಗ್ಗಿ ಜಗ್ಗಿ ನೋಡಿದ. ಲಾರಿಯ ವೈರು ಜಗ್ಗುವ ಬೆರಳು, ನನಗೆ ನೋವಾಯಿತು. ಒಂದೂ ಬಿಚ್ಚಲಿಲ್ಲ. ಹಸೀನಾ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಗೋಡೆಗೊತ್ತಿ ಆ ಇಬ್ಬರೂ.

“ಮೊನ್ನೆ ನೀ ಫೋನಿನಾಗ ಕಳಿಸಿದ್ದಿ,” ಅಂದ ಅವನು, ನನ್ನ ಕಡೆಯೇ ನೋಡುತ್ತ. “ನಮ್ಮ ಗ್ಯಾರೇಜ್. ಆ ಟ್ರ್ಯಾಕ್ಟರಿನ ಬ್ಯಾಟ್ರಿಗೆ ನೀ ವೈರು ತಿರುವಿ ಹಚ್ಚೀ. ಕೆಂಪು ಇರೋ ಕಡೆ ಕರಿ.”

“ಹೂಂ ಅಬ್ಬಾ. ಆಮ್ಯಾಲ ನೋಡಿದೆ.”

“ಸರಿ ಮಾಡಿ ಕಳಿಸು. ಮುಂದಿನ ಸಲ ತಪ್ಪು ಹೋಗಬಾರದು.” ಕಪ್ಪು ಎತ್ತಿ ಉಳಿದ ಚಹಾ ಕುಡಿದ. “ದಸರೆ ತನಕ ಇರು. ಆಮ್ಯಾಲ ಮಾತಾಡೂಣು.”

ಅವನು ಒಬ್ಬನೇ ಬಸ್ಸಿಗೆ ಹೋದ. ಹುಡುಗಿಯರು ಗಂಟನ್ನು ಒಳಗೆ ಎಳೆದುಕೊಂಡರು. ಈಗ ಮಳೆಗಾಲ ಮುಗಿಯುತ್ತ ಬಂದಿದೆ, ಕೆಲಸ ಇನ್ನೂ ಸಿಕ್ಕಿಲ್ಲ, ದಸರೆ ದೂರವೂ ಇಲ್ಲ. ಗೋಡೆಯಾಚೆ ಆ ಹೊಸ ಸಪ್ಲೈಯ ಫ್ಯಾನು ತಿರುಗುವುದು ನನಗೆ ಕೇಳಿಸುತ್ತದೆ. ಹಸೀನಾ ಮತ್ತೊಂದು ಬೀದಿ ಕಟ್ಟುತ್ತಿದ್ದಾಳೆ.

ನನ್ನ ಫ್ಯಾನು ಸವೆದಿದೆ, ಒಗ್ಗರಣೆಯ ಜಿಡ್ಡು ಮೈಗೆಲ್ಲ ಹತ್ತಿದೆ, ಇನ್ನು ಎಷ್ಟು ಕಾಲವೋ. ಗೇಮ್ ಆಡುವ ಕಂಪ್ಯೂಟರ್ ಕೊಳ್ಳಲು ಹೊರಟ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ದೀಪ ಕಡಿಮೆಯಾದರೆ ಯಾರೂ ಸಾಯುವುದಿಲ್ಲ. ಕಾರ್ಡು ಒಂದು ಮೆಟ್ಟಿಲು ಕೆಳಗಿನದಾದರೂ ಆಟ ಓಡುತ್ತದೆ. ಯಾರ ಪಾಲಿಗೂ ಬರದ್ದು ಯಾವುದೋ, ಅದನ್ನು ಮೊದಲು ನೋಡಿ ಕೊಳ್ಳಿ. ಕೈಯಲ್ಲಿ ತೂಗಿ ಮಾತ್ರ ನೋಡಬೇಡಿ.